ಬಿಸಿನೀರಿನ ಊರಿನಲ್ಲಿ ಎಡಗೈ ಎತ್ತಿ ಕೂತದ್ದು

ನಮ್ಮ ಮನೆಯವಳು ತೀರಿಕೊಂಡು ಮೂರು ತಿಂಗಳಾಗಿತ್ತು. ಅಷ್ಟು ದಿನವೂ ನನ್ನ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಇದ್ದದ್ದು ಹಾಗೆ, ಅಷ್ಟೇ. ಕಾಮಾಲೆ ಬಂತು, ಎಂಟು ದಿನ ಮಲಗಿದಳು, ಹೋದಳು. ನಮ್ಮೂರು ಕುರುಗೋಡಿನ ಹೊಲದಲ್ಲಿ ಮಣ್ಣು ಮಾಡಿದೆವು. ನಾಲ್ಕನೆಯ ದಿನ ನಾನು ಬಳ್ಳಾರಿಗೆ ಬಂದು, ಗಣಿ ಕಂಪನಿಯ ಪ್ರಯೋಗಾಲಯದಲ್ಲಿ ಎಂದಿನಂತೆ ಅದಿರು ಪುಡಿ ಮಾಡಿ ತೂಗುತ್ತ ಕೂತೆ.

ಒಂಬತ್ತು ವರ್ಷದ ಮಗಳನ್ನು ಅತ್ತೆ ಸಿರುಗುಪ್ಪಕ್ಕೆ ಕರೆದುಕೊಂಡು ಹೋಗಿದ್ದರು. ಎಪ್ಪತ್ತರ ದಶಕದ ಶುರುವಿನ ಮಾತಿದು. ಅದಿರೆಲ್ಲ ಜಪಾನಿಗೆ ಹೋಗುತ್ತಿದ್ದ ಕಾಲ. ನಾವು ಇಲ್ಲಿ ಅಳೆದ ತೇವಾಂಶವೇ ಬೇರೆ, ಅವರು ಅಲ್ಲಿ ಅಳೆದದ್ದೇ ಬೇರೆ ಎಂದು ತಕರಾರು ಎದ್ದು, ಅದನ್ನು ಕೂಡಿ ಕೂತು ಬಗೆಹರಿಸಿಕೊಂಡು ಬಾ ಎಂದು ಕಂಪನಿಯವರು ನನ್ನನ್ನು ಆರಿಸಿದರು. ಹೊರಡುವ ಮುಂಚೆ ಸಿರುಗುಪ್ಪಕ್ಕೆ ಹೋದೆ. ಅತ್ತೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟರು. ಕಟ್ಟಿಕೊಡುತ್ತಲೇ ಬೈದರು.

"ಕಟ್ಟಿಕೊಂಡ ಹೆಂಡ್ತಿ ಸತ್ರ ಒಂದ್ ಹನಿ ಕಣ್ಣೀರ ಬರ್ಲಿಲ್ಲ ನಿಮಗ. ಹುಡುಗಿ ಜೋಡಿ ಒಂದು ಮಾತಿಲ್ಲ, ಕತಿ ಇಲ್ಲ. ಇಂಥಾ ಕಲ್ಲಿನ ಕೈಯಾಗ ಕೂಸಿನ್ನ ಹೆಂಗ ಕೊಡ್ಲಿ? ಹೋಗಿ ಬರ್ರಿ. ಬಂದ ಮ್ಯಾಲೆ ಒಂದೇ ಮಾತು ಹೇಳ್ರಿ, ಕರ್ಕಂಡು ಹೋಗ್ತೀರೋ, ಇಲ್ಲೇ ಬಿಡ್ತೀರೋ."

"ಆತು" ಎಂದೆ. ಬಿಡುವುದೆಂದೇ ನನ್ನ ಮನಸ್ಸಿನಲ್ಲಿತ್ತು. ಅದೂ ನೊಂದು ತೀರ್ಮಾನಿಸಿದ್ದಲ್ಲ. ಸಾಮಾನು ಎಲ್ಲಿ ಸುರಕ್ಷಿತವೋ ಅಲ್ಲಿರಲಿ ಎನ್ನುವ ಲೆಕ್ಕದಲ್ಲಿ ನನ್ನ ಮಗಳ ಬಗ್ಗೆ ಯೋಚಿಸುತ್ತಿದ್ದೆ.

ಜಪಾನಿನಲ್ಲಿ ಕೆಲಸ ನಾಲ್ಕು ದಿನಕ್ಕೇ ಮುಗಿಯಿತು. ವಿಮಾನಕ್ಕೆ ಇನ್ನೂ ಎರಡು ದಿನವಿತ್ತು. ನನ್ನ ಮುಖ ನೋಡಿ ಆ ಜನಕ್ಕೆ ಏನನ್ನಿಸಿತೋ, ಬಿಸಿನೀರಿನ ಬುಗ್ಗೆಗಳಿರುವ ಒಂದು ಸಣ್ಣ ಊರಿಗೆ ಕಳಿಸಿಕೊಟ್ಟರು. ಇಂಗ್ಲಿಷ್ ಬಲ್ಲ ದುಭಾಷಿಯೊಬ್ಬ ನನ್ನನ್ನು ವಸತಿಗೃಹಕ್ಕೆ ಮುಟ್ಟಿಸಿದ. ಸ್ನಾನದ ಪದ್ಧತಿಯನ್ನು ಎರಡೆರಡು ಸಲ ಹೇಳಿ ರೈಲು ಹತ್ತಿದ. ಹೊರಗೆ ಸಣ್ಣ ಮಣೆಯ ಮೇಲೆ ಕೂತು ಮೈಯೆಲ್ಲ ತಿಕ್ಕಿ ತೊಳೆದುಕೊಳ್ಳಬೇಕು. ಆಮೇಲೆ ಕೊಳಕ್ಕಿಳಿಯಬೇಕು. ಕೊಳದೊಳಗೆ ಬಟ್ಟೆ ಹೋಗಕೂಡದು, ದಾರ ಹೋಗಕೂಡದು. ಬರಿ ಮೈ ಮಾತ್ರ ಹೋಗಬೇಕು.

ಊರು ಅಂದರೆ ಒಂದು ಹೊಳೆ, ಎರಡೂ ದಂಡೆಗೆ ಮರದ ಮನೆಗಳು. ಗಟಾರದಿಂದಲೂ ಬಿಸಿ ಹಬೆ ಏಳುತ್ತಿತ್ತು, ಎಲ್ಲೆಲ್ಲೂ ಗಂಧಕದ ವಾಸನೆ. ನನಗೆ ಪ್ರಯೋಗಾಲಯದ ಮೂಗು, ಅದೇನೂ ಹೊಸದಲ್ಲ. ಬೀದಿಯಲ್ಲಿ ಮಾತೇ ಇಲ್ಲ. ನಮ್ಮ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಒಂದು ನಿಮಿಷ ಹಾಗೆ ಸದ್ದು ನಿಂತರೆ ಯಾರೋ ಸತ್ತರೆಂದೇ ತಿಳಿದು ಅಂಗಡಿ ಬಾಗಿಲು ಎಳೆಯುತ್ತಾರೆ. ವಸತಿಗೃಹದ ಒಡತಿ ಬಗ್ಗಿ ಬಗ್ಗಿ ನಮಸ್ಕರಿಸಿ ಹತ್ತಿಯ ನಿಲುವಂಗಿ ಕೊಟ್ಟಳು. ಊಟಕ್ಕೆ ಮೀನು ತಂದಳು. ನಾನು ಕೈ ಮುಗಿದು ಹಿಂದೆ ಕಳಿಸಿದೆ. ಬಿಳಿ ಅನ್ನದ ಮೇಲೆ ಚಟ್ನಿಪುಡಿ ಉದುರಿಸಿಕೊಂಡು ತಿಂದೆ. ರುಚಿ ಗೊತ್ತಾಗಲಿಲ್ಲ. ಮೂರು ತಿಂಗಳಿಂದ ಯಾವುದರ ರುಚಿಯೂ ಗೊತ್ತಾಗುತ್ತಿರಲಿಲ್ಲ.

ಮಧ್ಯಾಹ್ನ ಸ್ನಾನಕ್ಕೆ ಹೋದೆ. ಕೊಳದಲ್ಲಿ ಮೂವರು ಮುದುಕರು ಕುತ್ತಿಗೆವರೆಗೂ ಮುಳುಗಿ ಕಣ್ಣು ಮುಚ್ಚಿ ಕೂತಿದ್ದರು. ಒಬ್ಬೊಬ್ಬರ ತಲೆಯ ಮೇಲೂ ಮಡಚಿದ ಸಣ್ಣ ಟವೆಲ್ಲು. ನಲವತ್ತು ದಾಟಿದ ನಾನು ಪರರೆದುರು ಬತ್ತಲಾದವನಲ್ಲ. ಆದರೂ ನಾಚಿಕೆಯಾಗಲಿಲ್ಲ. ನಾಚಿಕೆಗೂ ಸ್ವಲ್ಪ ಜೀವ ಬೇಕಲ್ಲ! ಬಿಚ್ಚಿದೆ, ತೊಳೆದುಕೊಂಡೆ. ಕೊನೆಗೆ ತೊಡಕು ಬಂದದ್ದು ಕೊರಳಿನದು.

ನಮ್ಮ ಪೈಕಿಯವರು ಕೊರಳಲ್ಲಿ ಬಟ್ಟೆ ಸುತ್ತಿ ಇಷ್ಟಲಿಂಗ ಕಟ್ಟಿಕೊಳ್ಳುತ್ತೇವೆ. ಅದು ಮೈಬಿಟ್ಟು ಇರಕೂಡದು. ಗೂಟಕ್ಕೆ ನೇತುಹಾಕಿ ಹೋಗುವ ಮಾತೇ ಇಲ್ಲ. ಇಲ್ಲಿ ನೋಡಿದರೆ ಕೊಳಕ್ಕೆ ಬಟ್ಟೆ, ದಾರ ಹೋಗುವ ಹಾಗಿಲ್ಲ. ಸುಮ್ಮನೆ ಕೋಣೆಗೆ ಹಿಂದಿರುಗಿದ್ದರೆ ಮುಗಿಯುತ್ತಿತ್ತು. ಆದರೆ ನನ್ನದು ಮೊಂಡುತನ. ಬಟ್ಟೆ ಬಿಚ್ಚಿ ಲಿಂಗವನ್ನಷ್ಟೇ ಎಡ ಅಂಗೈಯಲ್ಲಿ ಹಿಡಿದೆ. ನೀರಿಗೆ ಜಾರಿ ಬೀಳದಿರಲೆಂದು ಕೈಯನ್ನು ಭುಜದ ಮೇಲಕ್ಕೆ ಎತ್ತಿಕೊಂಡೇ ಕೊಳಕ್ಕೆ ಇಳಿದು ಕೂತೆ. ಸಾಲಿಯಲ್ಲಿ ಮಾಸ್ತರರನ್ನು ಏನೋ ಕೇಳಲು ಕೈ ಎತ್ತಿದ ಹುಡುಗನ ಹಾಗೆ ಕಂಡಿರಬೇಕು.

ಎಷ್ಟು ಹೊತ್ತು ಕೂತೆನೋ. ಹತ್ತಿರದ ಮುದುಕ ಕಣ್ಣು ಬಿಟ್ಟು ನನ್ನ ಕೈ ನೋಡಿದ. ಏನೋ ಕೇಳಿದ. ನಾನು ಕನ್ನಡದಲ್ಲೇ "ದೇವ್ರು ಐತ್ರಿ, ಕೆಳಗ ಇಡಂಗಿಲ್ಲ" ಎಂದೆ. ಅವನು ಅರ್ಥವಾದವನ ಹಾಗೆ ತಲೆಯಾಡಿಸಿ ತನ್ನ ತಲೆಯ ಮೇಲಿನ ಟವೆಲ್ಲು ತೆಗೆದು ಹಿಂಡಿ, ಮಡಚಿ, ನನ್ನ ಕೈಗೆ ಕೊಟ್ಟ. ಇದರೊಳಗಿಟ್ಟು ತಲೆಯ ಮೇಲೆ ಇಟ್ಟುಕೋ ಎಂದು ಸನ್ನೆ ಮಾಡಿದ. ಅಲ್ಲ, ಹೌದಲ್ಲ! ತಲೆಯೂ ಮೈಯೇ, ಎಲ್ಲಕ್ಕಿಂತ ಮೇಲಿನ ಮೈ. ನಮ್ಮ ಸ್ವಾಮಿಗಳು ಇದ್ದಿದ್ದರೂ ಇದಕ್ಕೆ ಬೇಡವೆನ್ನುತ್ತಿರಲಿಲ್ಲ. ಎಡಮುಷ್ಟಿಯೊಳಗಿನ ಲಿಂಗವನ್ನು ಬಲಗೈಯಿಂದ ಜಾರಿಸಿ ಮಡಿಕೆಯೊಳಗಿಟ್ಟು ಟವೆಲ್ಲನ್ನು ತಲೆಯ ಮೇಲೆ ಇಟ್ಟುಕೊಂಡೆ.

ಆದರೆ ಎಡಗೈ ಕೆಳಗೆ ಬರಲೊಲ್ಲದು. ಅಷ್ಟು ಹೊತ್ತು ಎತ್ತಿ ಹಿಡಿದು ಸೆಟೆದುಕೊಂಡಿತ್ತು, ಬೆರಳುಗಳು ಮುಷ್ಟಿಯಾಗಿ ಬಿಗಿದಿದ್ದವು. ಮುದುಕ ಹತ್ತಿರ ಸರಿದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಅವಸರ ಮಾಡಲಿಲ್ಲ, ಒಂದು ಬೆರಳನ್ನೂ ಎಳೆಯಲಿಲ್ಲ. ಬಿಸಿನೀರು ಸುರಿದು, ಸಡಿಲಾದ ಮೇಲೆಯೇ ಮುಂದಿನ ಬೆರಳಿಗೆ ಹೋಗುತ್ತಿದ್ದ.

ಆಗ ನೆನಪಾಯಿತು. ನೆನಪಾಯಿತು ಎನ್ನುವುದು ಸುಳ್ಳು, ಮರೆತೇ ಇರಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತೇವೆ. ಅವರು ಕಟ್ಟಿಕೊಂಡಿದ್ದ ಲಿಂಗವನ್ನೇ ಅವರ ಎಡ ಅಂಗೈಯಲ್ಲಿ ಇಡುತ್ತೇವೆ. ನನ್ನ ಹೆಂಡತಿಯ ಅಂಗೈಯಲ್ಲಿ ಇಟ್ಟದ್ದು ನಾನು. ಬೆರಳು ಮಡಚಬೇಕು. ಮಡಚಲಿಲ್ಲ, ಸೆಟೆದಿದ್ದವು. ಹೊತ್ತು ಮುಳುಗುತ್ತಿತ್ತು, ಕ್ರಿಯೆ ಮಾಡಿಸುತ್ತಿದ್ದ ಸ್ವಾಮಿಗಳು "ಲಗೂನ ಆಗ್ಲಿ" ಎಂದರು. ನಾನು ಒತ್ತಿದೆ. ಅವಳು ಮಗಳಿಗೆ ದೃಷ್ಟಿ ತೆಗೆದು ನೆಟಿಕೆ ಮುರಿಯುವಾಗ ಬರುತ್ತಿತ್ತಲ್ಲ, ಅಂಥದೇ ಒಂದು ಸದ್ದು ಬಂತು. ಸುತ್ತ ನೋಡಿದೆ. ಯಾರಿಗೂ ಕೇಳಿಸಿರಲಿಲ್ಲ. ಬೆರಳು ಮಡಚಿತು, ಮಣ್ಣು ಹಾಕಿದರು. ಆ ಸದ್ದಾದ ಮೇಲೆ ನನ್ನೊಳಗೆ ಬೇರೆ ಯಾವ ಸದ್ದೂ ಆಗಿರಲಿಲ್ಲ. ಈ ವಿಷಯ ಯಾರಿಗೂ ಹೇಳಿರಲಿಲ್ಲ.

ಇಲ್ಲಿ ನಾನು ಗಳಗಳನೆ ಅತ್ತೆನೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಅಳಲಿಲ್ಲ. ಮುದುಕ ಐದನೆಯ ಬೆರಳನ್ನೂ ಬಿಡಿಸಿ, ಕೈಯನ್ನು ನೀರಿನೊಳಗೆ ಬಿಟ್ಟು, ತನ್ನ ಜಾಗಕ್ಕೆ ಸರಿದು ಮತ್ತೆ ಕಣ್ಣು ಮುಚ್ಚಿದ. ನೀರು ಬಿಸಿಯಾಗಿದೆ ಎಂದು ನನಗೆ ಗೊತ್ತಾಯಿತು. ಅಷ್ಟು ಹೊತ್ತು ಅದೂ ಗೊತ್ತಾಗಿರಲಿಲ್ಲ. ಕೋಣೆಗೆ ಬಂದು ಹಸಿವಾಗಿ ಒಂದು ರೊಟ್ಟಿ ಮುರಿದು ತಿಂದೆ. ಖಾರ ಹತ್ತಿತು. ಮಗಳನ್ನು ಮನೆಗೆ ಕರೆತರಬೇಕು ಎಂದುಕೊಂಡೆ.

ಬಳ್ಳಾರಿಗೆ ಬಂದ ಮಾರನೆಯ ದಿನವೇ ಸಿರುಗುಪ್ಪದ ಬಸ್ಸು ಹತ್ತಿದೆ. ಅತ್ತೆ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದರು, ಮಗಳು ಪಕ್ಕದಲ್ಲಿ ಕೂತು ಕಲ್ಲು ಹೆಕ್ಕುತ್ತಿದ್ದಳು.

"ಕರ್ಕಂಡು ಹೋಗಾಕ ಬಂದೀನಿ" ಎಂದೆ.

ಅತ್ತೆ ಮೊರ ಕೆಳಗಿಟ್ಟರು. "ನನ್ನೇನು ಕೇಳ್ತೀರಿ? ಆಕಿನ್ನ ಕೇಳ್ರಿ."

ಮಗಳು ತಲೆ ಎತ್ತಲಿಲ್ಲ. "ಅಲ್ಲಿ ನನ್ ಜೋಡಿ ಮಾತಾಡ್ತಿಯೇನಪ್ಪ?"

"ಆಡ್ತೀನವ್ವ."

"ಹಂಗಾರ ಈಗ ಆಡು. ಅವ್ವನ ಸುದ್ದಿ ಹೇಳು. ಆವತ್ತು ನನ್ನನ್ನ ಪಕ್ಕದ ಮನ್ಯಾಗ ಕುಂದ್ರಿಸಿದ್ರಿ. ಅವ್ವನ್ನ ಹೆಂಗ ಕಳಿಸಿದ್ರಿ, ಹೇಳು."

ಬಾಯಿ ತೆರೆದೆ. ಮನೆ ಮುಂದೆ ಒಂದು ಎತ್ತಿನ ಗಾಡಿ ಹಾದುಹೋಯಿತು, ಅದು ತಿರುವು ದಾಟುವವರೆಗೂ ನಾನು ಅದನ್ನೇ ನೋಡುತ್ತ ನಿಂತೆ. ಮಗಳು ಕಾದಳು. ಆಮೇಲೆ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. "ಇರ್ಲಿ ಬಿಡಪ್ಪ. ನಾ ಇಲ್ಲೇ ಇರ್ತೀನಿ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ನನ್ನನ್ನು ಸಮಾಧಾನ ಮಾಡುವವಳ ಹಾಗೆ ಹೇಳಿದಳು. ನಾನು ತಿರುಗಿ ಬಸ್‌ಸ್ಟ್ಯಾಂಡಿಗೆ ನಡೆದೆ.

ಬಸ್ಸು ಬಿಟ್ಟು ಗದ್ದೆಗಳ ನಡುವೆ ಬಂದ ಮೇಲೆ ಬಾಯಿ ತಾನಾಗಿ ಬಿಟ್ಟುಕೊಂಡಿತು. ಪಕ್ಕದಲ್ಲಿ ಕೂತಿದ್ದವನು ಯಾರೋ ಭತ್ತದ ವ್ಯಾಪಾರಿ. ಅವನಿಗೆ ಹೇಳಿದೆ, ಬೆರಳು, ಲಿಂಗ, ಆ ಸದ್ದು, ಎಲ್ಲವನ್ನೂ. ಅವನು ಪಾಪ ಕಣ್ಣು ಕಣ್ಣು ಬಿಟ್ಟು ಕೇಳಿದ. ಮುಗಿದ ಮೇಲೆ ತೆಲುಗು ರಾಗದ ಕನ್ನಡದಲ್ಲಿ, "ಅಯ್ಯೋ, ಇದನ್ನ ನನಗ್ಯಾಕ ಹೇಳ್ತೀರಿ ಸಾರ್? ಹೇಳೋರ್ಗೆ ಹೇಳ್ಬೇಕಲ್ಲ" ಎಂದ. ನಾನು ನಡುದಾರಿಯ ತೆಕ್ಕಲಕೋಟೆಯಲ್ಲಿ ಇಳಿದುಬಿಟ್ಟೆ. ಹಿಂದಕ್ಕೆ ಹೋಗುವ ಬಸ್ಸಿಗೆ ಒಂದೂವರೆ ತಾಸು ನಿಂತೆ. ಆಡಬೇಕಾದ ಮಾತು ಮತ್ತೆ ಎಲ್ಲಿ ಬತ್ತಿ ಹೋಗುತ್ತದೋ ಎಂದು ಹೆದರಿ ಅದನ್ನೇ ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ಮಗಳು ಉಣ್ಣಲು ಕೂತಿದ್ದಳು. ನಾನು ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲಲ್ಲೇ ನಿಂತು ಹೇಳಿಬಿಟ್ಟೆ. "ನಿಮ್ಮವ್ವನ ಕೈಯಾಗ ಲಿಂಗ ಇಟ್ಟಾಂವ ನಾನವ್ವ. ಬೆರಳು ಮಡಚಲಿಲ್ಲ. ಜೋರ್ಲೆ ಮಡಚಿದೆ. ಮುರೀತು ಅನ್ನಿಸ್ತು. ಆಕಿಗೆ ನೋವು ಮಾಡಿದೆ ನಾನು."

ಅತ್ತೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ನನಗೂ ಆಗ ಅಳು ಬಂತು. ಎಂಥ ಕೆಟ್ಟ ಅಳು, ಮೂಗು ಬಾಯಿ ಎಲ್ಲ ಸೋರುತ್ತಿತ್ತು.

ಮಗಳು ತಾಟು ಪಕ್ಕಕ್ಕೆ ಸರಿಸಿದಳು. ತಾನು ಕೂತ ಚಾಪೆಯ ಮೇಲೆ ಸ್ವಲ್ಪ ಆ ಕಡೆಗೆ ಸರಿದು ಜಾಗ ಮಾಡಿದಳು.

"ಕುಂದ್ರಪ್ಪ" ಎಂದಳು. "ಮೊದ್ಲಿಂದ ಹೇಳು. ಎಲ್ಲಾ ಹೇಳು. ಆಮ್ಯಾಲೆ ಬರ್ತೀನಿ."