ಬೀದಿಯ ಕಪ್ಪುಹಲಗೆ

ಎಂಬತ್ತರ ದಶಕದಲ್ಲಿ, ಬೆಂಗಳೂರಿನ ಅಂಚಿನ ಬಾಗಲಗುಂಟೆಯಲ್ಲಿ, ನಮ್ಮ ಪಕ್ಕದ ಮನೆಯ ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಒಂದು ಭಾನುವಾರ ಅವರು ತಗಡಿಗೆ ಕಪ್ಪು ಬಣ್ಣ ಬಳಿದು ತಮ್ಮ ಕಾಂಪೌಂಡಿಗೆ ತೂಗುಹಾಕಿದರು. ಬೀದಿಯ ಕಷ್ಟಗಳನ್ನು ಯಾರು ಬೇಕಾದರೂ ಅಲ್ಲಿ ಬರೆಯಬಹುದು, ಯಾರು ಬೇಕಾದರೂ ಉತ್ತರಿಸಬಹುದು. ಹೋಗಿಬರುವವರನ್ನೆಲ್ಲ ನಿಲ್ಲಿಸಿ, ಗ್ರೀಸು ಬಿಡದ ಬೆರಳುಗಳಲ್ಲಿ ಸೀಮೆಸುಣ್ಣ ನೀಡುತ್ತಿದ್ದರು: “ಬರೀರಿ ಸಾರ್, ಓದೋರು ಓದ್ತಾರೆ.”

ಮೊದಲ ಸಾಲು ಅವರದೇ: ‘ನಲ್ಲಿ ಹತ್ತಿರ ಮೋರಿಗೆ ಚಪ್ಪಡಿ ಇಲ್ಲ.’ ಅದರ ಕೆಳಗೆ ಯಾರೋ ‘ಹೌದು’ ಎಂದು ಬರೆದರು. ಇನ್ಯಾರೋ ‘ನಮ್ಮ ಕಡೆಯೂ ಇಲ್ಲ’ ಎಂದರು. ಆಮೇಲೆ ‘ಮನೆ ಬಾಡಿಗೆಗಿದೆ’ ಬಂತು. ಚಪ್ಪಡಿ ಮಾತ್ರ ಬರಲಿಲ್ಲ. ಮಾಸಿಹೋಗುತ್ತಿದ್ದ ಆ ಸಾಲನ್ನು ಅವರು ದಿನಾ ಡ್ಯೂಟಿ ಮುಗಿಸಿ ಬಂದು ತಿದ್ದುತ್ತಿದ್ದರು.

ಆ ಮಳೆಗಾಲದ ಒಂದು ಮಧ್ಯಾಹ್ನ ರಸ್ತೆ ಯಾವುದು, ಮೋರಿ ಯಾವುದು ತಿಳಿಯದಷ್ಟು ನೀರು ನಿಂತಿತ್ತು. ಕೊಡ ಹಿಡಿದು ನಲ್ಲಿಗೆ ಹೊರಟ ಅವರ ಹೆಂಡತಿ ಮೋರಿಯೊಳಗೆ ಬಿದ್ದು ತೀರಿಕೊಂಡರು.

ಮಣ್ಣು ಮಾಡಿ ಬಂದಾಗ ಹಲಗೆಯ ತುಂಬ ದುಂಡಗಿನ ಅಕ್ಷರಗಳಲ್ಲಿ ಸಂತಾಪವಿತ್ತು. ಕೆಳಗೆ ಇಡೀ ಬೀದಿಯವರ ಹೆಸರುಗಳು. ಅವರು ಅದನ್ನು ಮೇಲಿಂದ ಕೆಳಗಿನವರೆಗೆ ಓದಿದರು.

“ಮೋರಿ ವಿಷ್ಯ ಎಲ್ಲಿ?”

“ಜಾಗ ಸಾಲ್ಲಿಲ್ಲ ಸಾರ್, ಅಳಿಸ್ಬಿಟ್ವಿ,” ಎನ್ನುತ್ತ ಎದುರುಮನೆಯವರು ಸೀಮೆಸುಣ್ಣ ನೀಡಿದರು. “ನೀವೂ ಒಂದ್ ಮಾತು ಬರೀರಿ.”

ಅವರು ಅದನ್ನು ತೆಗೆದುಕೊಂಡು, ಮೋರಿಯ ಸಾಲಿಗಾಗಿ ಹಲಗೆಯ ಮೂಲೆಮೂಲೆಯಲ್ಲೂ ಜಾಗ ಹುಡುಕಿದರು. ಒಬ್ಬರ ಹೆಸರನ್ನೂ ಅಳಿಸಲು ಮನಸ್ಸಾಗಲಿಲ್ಲವೇನೋ, ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು.