ಬೇಲಿ ಮುರಿದು ಮಸ್ಕಿಗೆ

ಬ್ರೇಕು ಹಿಡಿಯಲಿಲ್ಲ. ಮಸ್ಕಿ ಇನ್ನೇನು ಬಂತು ಎನ್ನುವಾಗ ಇಳಿಜಾರಿನಲ್ಲಿ ನನ್ನ ಸೈಕಲ್ಲು ರಸ್ತೆ ಬಿಟ್ಟು, ಜಾಲಿಮುಳ್ಳಿನ ಬೇಲಿ ಮುರಿದು, ಜೋಳದ ಹೊಲದೊಳಗೆ ಹೋಗಿ ಬಿತ್ತು. ಜೊತೆಗೆ ನಾನೂ ಬಿದ್ದೆ. ಕಳೆ ತೆಗೆಯುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬಳು ತಲೆಯೆತ್ತಿ ನೋಡಿದಳು.

“ದಾರಿ ಆ ಕಡೆ ಐತ್ರಿ,” ಎಂದಳು.

ಆಗ ನಿಜಾಮರ ಆಳ್ವಿಕೆ. ಲಿಂಗಸುಗೂರಿನಿಂದ ಮಸ್ಕಿಯ ಶಾಲೆಗೆ ಮಾಸ್ತರನಾಗಿ ಹೊರಟಿದ್ದ ನನಗೆ ಅದು ನೌಕರಿಯ ಮೊದಲ ದಿನ. ಅವಳು ಎಲೆಅಡಿಕೆ ಸಂಚಿಯಿಂದ ಚಿಮಟ ತೆಗೆದು, ನನ್ನ ಕೈಕಾಲು ಮುಖಗಳಿಗೆ ನೆಟ್ಟಿದ್ದ ಮುಳ್ಳುಗಳನ್ನು ಒಂದೊಂದಾಗಿ ಕಿತ್ತಳು. ಕುಡಿಯಲು ಮಜ್ಜಿಗೆ ಕೊಟ್ಟಳು. ಹೆಡ್‌ಮಾಸ್ತರರು ಕಾಯುತ್ತಿರುತ್ತಾರೆ ಎಂದು ನಾನು ಸೈಕಲ್ಲು ಎತ್ತಿದಾಗ ಹಿಂದಿನ ಗಾಲಿ ಹಿಡಿದು ನಿಂತಳು.

“ಬೇಲಿ ಮುಚ್ಚಿ ಹೋಗ್ರಿ ಮಾಸ್ತರ. ಆಡು ಹೊಕ್ರ ನಮ್ಮ ವರ್ಷದ ರೊಟ್ಟಿ ಹೋಗತೈತಿ.”

ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಜಾಲಿ ಟೊಂಗೆ ಎಳೆದು ತಂದು ಬೇಲಿ ಮುಚ್ಚಿದೆ. ಹೊಸದಾಗಿ ಚುಚ್ಚಿಕೊಂಡ ಮುಳ್ಳುಗಳನ್ನೂ ಅವಳೇ ಕಿತ್ತಳು. ನಾನು ಹೋಗಿ ಮುಟ್ಟುವಷ್ಟರಲ್ಲಿ ಶಾಲೆಗೆ ಬೀಗ ಬಿದ್ದಿತ್ತು. ನೌಕರಿಯ ಮೊದಲ ದಿನವೇ ಹಾಜರಿ ಪುಸ್ತಕದಲ್ಲಿ ಗೈರುಹಾಜರಾದೆ.

ಆಮೇಲೆ ಆ ದಾರಿಯಲ್ಲಿ ವರ್ಷಗಟ್ಟಲೆ ಓಡಾಡಿದೆ. ಆ ಇಳಿಜಾರು ಬಂದಾಗಲೆಲ್ಲ ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು ನಡೆದೇ ಹೋಗುತ್ತಿದ್ದೆ. ಅಲ್ಲಿಂದ ಎದುರಿಗೆ ಮಲ್ಲಯ್ಯನ ಗುಡಿಯಿರುವ ಗುಡ್ಡ ಕಾಣುತ್ತದೆ. ಗುಡ್ಡ ಕಂಡೊಡನೆ ಇಳಿದು ನಡೆಯುವ ಮಾಸ್ತರರು ದೊಡ್ಡ ಭಕ್ತರು ಎಂದು ಊರಲ್ಲಿ ಹೆಸರಾಯಿತು. ನಾನು ಅಲ್ಲ ಎನ್ನಲಿಲ್ಲ. ಅವಳೂ ಯಾರಿಗೂ ಹೇಳಲಿಲ್ಲ.