ತಂಗಿಯ ಹಸೆಗೆ ಸೋಬಾನೆ

ಮಂಡ್ಯದ ನಮ್ಮ ಚರ್ಚಿನಲ್ಲಿ ಭಾನುವಾರದ ಹಾಡು ಎತ್ತುತ್ತಿದ್ದವಳು ನಾನು. ಹಾರ್ಮೋನಿಯಂ ಒಂದಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದರಲ್ಲಿ ಸ್ವರಕ್ಕಿಂತ ಗಾಳಿಯೇ ಹೆಚ್ಚು ಹೊರಡುತ್ತಿತ್ತು. ಅದಕ್ಕಿಂತ ನನ್ನ ಗಂಟಲೇ ವಾಸಿ ಎಂದು ಪಾದ್ರಿ ಅಯ್ಯನವರು ತೀರ್ಮಾನಿಸಿದ್ದರು. ವಾರದ ದಿನಗಳಲ್ಲಿ ಮಿಷನ್ ಶಾಲೆಯ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದೆ, ಭಾನುವಾರ ದೊಡ್ಡವರಿಗೆ ರಾಗ ತಿದ್ದಿಸುತ್ತಿದ್ದೆ. ದೊಡ್ಡವರೇ ಹೆಚ್ಚು ಕಾಟ ಕೊಡುತ್ತಿದ್ದರು.

ನಾನು ಹಾಡು ಕಲಿತದ್ದು ಚರ್ಚಿನಲ್ಲಲ್ಲ, ದುದ್ದದ ಹತ್ತಿರದ ನಮ್ಮ ಹಳ್ಳಿಯ ಮದುವೆಮನೆಗಳಲ್ಲಿ, ಅವ್ವನ ಪಕ್ಕ ಕೂತು. ಅವ್ವ ಸೋಬಾನೆ ಹೇಳುತ್ತಿದ್ದಳು. ಹೆಣ್ಣುಗಂಡನ್ನು ಹಸೆಮಣೆಯ ಮೇಲೆ ಕೂರಿಸಿದಾಗ ಒಬ್ಬಳು ಸಾಲು ಎತ್ತುತ್ತಾಳೆ, ಸಾಲಿನ ಕೊನೆಗೆ ಉಳಿದವರೆಲ್ಲ ‘ಸೋಬಾನೆ’ ಎಂದು ಸೊಲ್ಲು ಹಿಡಿಯುತ್ತಾರೆ. ನಾವು ತಾತನ ಕಾಲಕ್ಕೇ ಕ್ರೈಸ್ತರಾದವರು. ಆದರೂ ಚಪ್ಪರ, ಹಸೆ, ಸೋಬಾನೆ ಯಾವುದೂ ನಮ್ಮನ್ನು ಬಿಟ್ಟು ಹೋಗಿರಲಿಲ್ಲ. ಪಾದ್ರಿಗಳ ಮುಂದೆ ತಾಳಿ ಕಟ್ಟಿಸಿಕೊಂಡು ಮನೆಗೆ ಬಂದರೆ ಮಿಕ್ಕಿದ್ದೆಲ್ಲ ಊರಿನ ಹಾಗೆಯೇ ನಡೆಯುತ್ತಿತ್ತು.

ನನ್ನ ಗಂಡ ಚಳಿಜ್ವರದಲ್ಲಿ ಹೋದ. ನಾಲೆ ನೀರು ಬಂದ ಮೇಲೆ ನಮ್ಮ ಸೀಮೆಯಲ್ಲಿ ಬತ್ತ, ಕಬ್ಬಿನ ಜೊತೆ ಆ ಜ್ವರವೂ ಚೆನ್ನಾಗಿ ಬೆಳೆಯಿತು. ಅವನು ಹೋದ ದಿನಕ್ಕೆ ನನ್ನ ಸೋಬಾನೆಯೂ ಮುಗಿಯಿತು. ಗಂಡ ಸತ್ತವಳು ಹಸೆಯ ಹತ್ತಿರ ಸುಳಿಯಬಾರದು. ಈ ಮಾತು ಬೈಬಲ್ಲಿನಲ್ಲಿ ಎಲ್ಲಿದೆ ಎಂದು ಅಯ್ಯನವರನ್ನೇ ಕೇಳಿದ್ದೆ. “ಎಲ್ಲೂ ಇಲ್ಲಮ್ಮ. ಆದರೆ ಹೆಂಗಸರ ವಿಷಯಕ್ಕೆ ನಾನು ಬರುವುದಿಲ್ಲ,” ಎಂದರು. ಬುದ್ಧಿವಂತರು.

ಬೇರೆಯವರ ಮದುವೆಗಳಲ್ಲಿ ನಾನು ಒಲೆ ಮುಂದೆ ಕೂತು ಸುಮ್ಮನಿದ್ದೆ. ನನ್ನ ತಂಗಿಯ ಮದುವೆ ಗೊತ್ತಾದಾಗ ಮಾತ್ರ ಹಾಗಿರಲು ಆಗಲಿಲ್ಲ. ಅಪ್ಪ ಅವ್ವ ಹೋದ ಮೇಲೆ ಅವಳನ್ನು ಮಂಡ್ಯದ ಗುತ್ತಲಿನ ಬಾಡಿಗೆ ಮನೆಯಲ್ಲಿ ಇಟ್ಟುಕೊಂಡು ಸಾಕಿದವಳು ನಾನು. ಅವಳ ಹಸೆಗೆ ಸೋಬಾನೆ ಹೇಳುವ ಹಕ್ಕು ನನಗಲ್ಲದೆ ಇನ್ನಾರಿಗಿತ್ತು? ನನಗೆ ಬೇಕಾಗಿದ್ದುದು ಅದೊಂದೇ. ಒಡವೆ ವಸ್ತ್ರದ ಮಾತು ಬಂದಾಗ ನಾನು ಬಾಯಿ ತೆರೆದಿರಲಿಲ್ಲ.

ಗಂಡಿನ ಕಡೆಯವರು ಮಳವಳ್ಳಿಯ ಕ್ರೈಸ್ತರು. ಗಂಡಿನ ತಾಯಿ, ನಮ್ಮ ಬೀಗಿತ್ತಿ, ಅವರೂ ನನ್ನ ಹಾಗೆಯೇ ಗಂಡ ಇಲ್ಲದವರು. ಅದೇ ಧೈರ್ಯದ ಮೇಲೆ, ಎಲೆ ಅಡಿಕೆ ಬದಲಾಯಿಸಲು ಬಂದ ದಿನ ಅವರ ಹತ್ತಿರ ಕೂತು ಕೇಳಿದೆ.

“ಅತ್ಯಮ್ಮ, ನನ್ನ ತಂಗಿ ಅಸೆಗೆ ನಾನೇ ಸೋಬಾನೆ ಯೋಳ್ತೀನಿ. ಬ್ಯಾಡ ಅನ್ಬ್ಯಾಡಿ.”

ಅವರು ಬಾಯಲ್ಲಿದ್ದ ಎಲೆಯನ್ನು ಆಚೆ ಹೋಗಿ ಉಗಿದು ಬಂದರು. “ನನ್ನ ಮಗನ ಅಸೆ ತಾವಿಕೆ ನಾನೇ ಬರಾಕಿಲ್ಲ ಕಣವ್ವ. ನೀನೆಂಗ್ ಬಂದೀಯೆ?” ಎಂದರು.

“ಬನ್ನಿ, ಬ್ಯಾಡ ಅಂದೋರ್ಯಾರು?”

“ಓಗೋಗು. ಇರೋನ್ ಒಬ್ಬ ಮಗ. ಅವ್ನಿಗೇನಾರ ಆದ್ರೆ ನೀ ತಂದ್ಕೊಟ್ಟೀಯಾ?”

ಸಿಟ್ಟು ನೆತ್ತಿಗೇರಿತು. ತಂಗಿಯ ಮುಖ ನೋಡಿ ನುಂಗಿಕೊಂಡೆ.

ಮದುವೆಗೆ ವಾರವಿರುವಾಗ ಅಯ್ಯನವರು ಕರೆಸಿದರು. ಹಾಡಿನ ಪುಸ್ತಕದಲ್ಲಿದ್ದ ಮದುವೆಯ ಹಾಡನ್ನು ನಮ್ಮ ಜನ ಎಳೆದೂ ಎಳೆದೂ ಸಾವಿನ ಹಾಡು ಮಾಡಿಬಿಡುತ್ತಿದ್ದರು. ಬೇರೆ ಏನಾದರೂ ಕಟ್ಟಿಕೊಡು ಎಂದರು. ಯೇಸು ತನ್ನ ತಾಯಿಯ ಜೊತೆ ಹೋಗಿದ್ದ, ಬೈಬಲ್ಲಿನ ಕಾನಾ ಊರಿನ ಮದುವೆಯ ಕಥೆ ಹಿಡಿದು ಕಟ್ಟಿದೆ, ಅವ್ವನ ಸೋಬಾನೆ ಧಾಟಿಗೇ ಕಟ್ಟಿದೆ. ಚಪ್ಪರದಲ್ಲಿ ಬೇಡವಾದರೆ ಚರ್ಚಿನಲ್ಲಿ ಆಗಲಿ, ಅಲ್ಲಿ ನನ್ನನ್ನು ಎಬ್ಬಿಸುವವರು ಯಾರು ಎಂಬ ಹಟ. ಅಯ್ಯನವರು ಕೇಳಿ ತಲೆದೂಗಿದರು. ಒಂದೇ ಒಂದು ತಕರಾರು: ದೇವಾಲಯದೊಳಗೆ ‘ಸೋಬಾನೆ’ ಬೇಡ, ಅಲ್ಲಿ ‘ಸ್ತೋತ್ರವೆ’ ಎಂದು ಹಾಕು. ಹಾಕಿದೆ. ಹಾಡುವ ಹುಡುಗಿಯರಿಗೆ ‘ಸ್ತೋತ್ರವೆ’ ಎಂದೇ ಉರು ಹೊಡೆಸಿದೆ.

ಮದುವೆಯ ಬೆಳಿಗ್ಗೆ ಕಬ್ಬಿನ ಗಾಡಿಗಳ ಸಾಲು ದಾಟಿಕೊಂಡು ಚರ್ಚಿಗೆ ಹೋದೆವು. ತಾಳಿಯಾಯಿತು. ಅಯ್ಯನವರು ನನ್ನ ಕಡೆ ನೋಡಿದರು, ನಾನು ಎದ್ದು ಎತ್ತಿದೆ:

ಕಾನಾ ಊರ ಮದುವೇಗೆ ತಾಯ ಕೂಡೆ ಬಂದೋನೆ
ನಮ್ಮೂರ ಚಪ್ಪರಕೂ ದಯಮಾಡೋ

ಹುಡುಗಿಯರು ಬಾಯಿ ತೆರೆಯುವುದರೊಳಗೆ ಹೆಂಗಸರ ಸಾಲಿನ ಹಿಂದಿನಿಂದ ಒಂದು ದನಿ ಎದ್ದಿತು, ‘ಸೋಬಾನೆ’. ಸುಮ್ಮನೆ ಅಂದದ್ದಲ್ಲ, ಎಳೆಯಬೇಕಾದಲ್ಲಿ ಎಳೆದು, ಇಳಿಸಬೇಕಾದಲ್ಲಿ ಇಳಿಸಿ ಅಂದದ್ದು. ತಿರುಗಿ ನೋಡಿದೆ. ಬೀಗಿತ್ತಿ ಎರಡೂ ಕೈಯಲ್ಲಿ ಸೆರಗು ಹಿಡಿದು ಬಾಯಿಗೆ ಒತ್ತಿಕೊಂಡಿದ್ದರು. ಮುಂದಿನ ಸಾಲಿನ ಹೊತ್ತಿಗೆ ‘ಸ್ತೋತ್ರವೆ’ ಕೆಟ್ಟುಹೋಯಿತು. ಆ ಧಾಟಿ ಕೇಳಿದ ಮೇಲೆ ನಮ್ಮ ಹೆಂಗಸರ ಬಾಯಿಗೆ ಬೇರೆ ಸೊಲ್ಲು ಬರುವುದಾದರೂ ಹೇಗೆ? ಇಡೀ ಸಾಲು ಸೋಬಾನೆ ಎಂದಿತು. ಅಯ್ಯನವರು ಮೇಲಕ್ಕೆ ಹೆಂಚು ನೋಡುತ್ತ ನಿಂತರು.

ಮನೆಗೆ ಬಂದು ಹೆಣ್ಣುಗಂಡನ್ನು ಚಪ್ಪರದಲ್ಲಿ ಹಸೆಗೆ ಕೂರಿಸಿದರು. ನಾನು ಹಿತ್ತಲಿಗೆ ಹೋಗಿ ಸಾರಿನ ಕೊಪ್ಪರಿಗೆಯ ಮುಂದೆ ನಿಂತೆ. ಯುದ್ಧದ ಕಾಲ, ಬೆಳೆದ ಬತ್ತವೆಲ್ಲ ಸರ್ಕಾರದ ಪಾಲಾಗಿ ಅಕ್ಕಿ ಸಿಗುತ್ತಿರಲಿಲ್ಲ, ಮುದ್ದೆ ಬಾಡಿನ ಸಾರು ಅಷ್ಟೇ. ಸ್ವಲ್ಪ ಹೊತ್ತಿಗೆ ಬೀಗಿತ್ತಿಯೂ ಬಂದು ಅಲ್ಲೇ ಒಂದು ಮಣೆ ಎಳೆದುಕೊಂಡು ಕೂತರು.

“ಬಾಯ್ ತಪ್ಪಿ ಬಂದ್ಬುಡ್ತು ಕಣವ್ವ,” ಎಂದರು.

“ತಪ್ಪಿ ಬಂದುದ್ದಲ್ಲ ಬುಡಿ. ಅಂಗೆ ಸೊಲ್ಲಿಡಿಯೋರ್ನ ನಮ್ಮವ್ವ ಓದ್ಮೇಲೆ ನಾ ಕಂಡಿಲ್ಲ.”

“ಮಳವಳ್ಳಿ ಸುತ್ತಾಮುತ್ತ ನನ್ನೇ ಕರ್ಯೋರು. ಇವರಪ್ಪ ಓದಾಗ ಇವ್ನು ತೊಟ್ಲಲ್ಲಿದ್ದ. ಆವತ್ತು ಬುಟ್ಟೆ. ಆಮೇಕೆ ಚರ್ಚಲ್ಲೂ ಬರೀ ತುಟಿ ಆಡುಸ್ಕೊಂಡ್ ಬಂದೆ.”

ಚಪ್ಪರದಲ್ಲಿ ಯಾರೋ ಸೋಬಾನೆ ಎತ್ತಿ, ಸಾಲು ಮರೆತು, ಒಬ್ಬರಿಗೊಬ್ಬರು ನೀನು ಹೇಳು ನೀನು ಹೇಳು ಎನ್ನುತ್ತಿದ್ದರು. ಬೀಗಿತ್ತಿ ಆ ಕಡೆಗೇ ಕಿವಿ ಕೊಟ್ಟಿದ್ದು, ಆಮೇಲೆ ಕೇಳಿದರು:

“ಆ ಕಾನಾ ಊರ್ ಮದ್ವೇಲಿ ಆ ತಾಯಿ ಗಂಡ ಜೊತೆಗಿದ್ನಾ?”

“ಇದ್ದ ಅಂತ ಎಲ್ಲೂ ಬರ್ದಿಲ್ಲ ಕಣತ್ಯಮ್ಮ. ಮಗನ್ ಇಸ್ಯ ಬರ್ದವ್ರೆ, ಅಷ್ಟೆ.”

“ಯಾರೂ ಅತ್ಲಾಗೋಗು ಅನ್ನಿಲ್ವಾ ಆಯಮ್ಮನ್ನ?”

“ಇಲ್ಲ. ಆಯಮ್ಮ ಯೋಳ್ದಂಗೇ ಕೇಳುದ್ರು.”

ಅವರಿಗೆ ಎಷ್ಟು ಭಯವಿತ್ತೆಂಬುದು ನನಗೆ ಕಾಣುತ್ತಿತ್ತು. ನಾನು ಬನ್ನಿ ಎನ್ನಲಿಲ್ಲ. ಮಗ ಅವರದು, ಭಯವೂ ಅವರದು. ಆಮೇಲೆ ಮೊಣಕಾಲಿಗೆ ಕೈ ಊರಿ ಎದ್ದರು. “ಸೌಟು ಮಡುಗು, ನಡಿ,” ಎಂದರು.

ನಾವಿಬ್ಬರೂ ಚಪ್ಪರಕ್ಕೆ ಬಂದೆವು. ಬೀಗಿತ್ತಿ ಯಾರ ಮುಖವನ್ನೂ ನೋಡದೆ ಹಸೆಯ ಎದುರು ಕೂತರು, ನಾನು ಪಕ್ಕದಲ್ಲಿ ಕೂತೆ. ಸಾಲು ಎತ್ತುವ ಆಸೆ ಗಂಟಲವರೆಗೆ ಬಂದಿತ್ತು. ಆದರೆ ಅವರು ಹಾಡು ಬಿಟ್ಟು ಎಷ್ಟು ವರ್ಷವಾಯಿತೆಂದು ನೆನೆದು, “ನೀವೆತ್ತಿ ಅತ್ಯಮ್ಮ, ನಾ ಸೊಲ್ಲಿಡೀತೀನಿ,” ಎಂದೆ.

ಎತ್ತಿದರು. ಮೊದಲ ಸಾಲಿಗೆ ಸೋಬಾನೆ ಎಂದವಳು ನಾನೊಬ್ಬಳೇ. ನನ್ನ ತಂಗಿ ತಲೆ ತಗ್ಗಿಸಿಕೊಂಡೇ ಅಳುತ್ತಿದ್ದಳು. ಮದುವಣಿಗ ಮಾತ್ರ ತಲೆ ಎತ್ತಿ, ಬಾಯಿ ಅರೆ ತೆರೆದು, ತಾಯಿಯನ್ನೇ ನೋಡುತ್ತಿದ್ದ. ತನ್ನವ್ವ ಹಾಡುತ್ತಾಳೆಂದು ಅವನಿಗೆ ಆವರೆಗೆ ಗೊತ್ತೇ ಇರಲಿಲ್ಲ.